ಒಬ್ಬಳಿಗೆ ಅಡ್ಡಿಯಿಲ್ಲ, ಇಬ್ಬರಾದರೆ ಅಪರಾಧ

ಒಂದು ಊರಿನಲ್ಲಿ ಒಬ್ಬ ಹೆಂಗಸು ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ಒಂಟಿಯಾಗಿ ವಾಸಿಸುತ್ತಾಳೆಂದು ಭಾವಿಸೋಣ. ಅವಳು ಪ್ರಾಯಕ್ಕೆ ಬಂದವಳು. ಯಾರ ಬಲಾತ್ಕಾರವೂ ಇಲ್ಲದೆ ಲೈಂಗಿಕ ವೃತ್ತಿಯನ್ನು ನಡೆಸಿ ಹೊಟ್ಟೆ ಹೊರೆದುಕೊಳ್ಳುತ್ತಾಳೆ. ಇದು ಅಪರಾಧವೆ? ಹತ್ತು ಮಂದಿಯನ್ನು ಕೇಳಿದರೆ ಒಂಬತ್ತು ಮಂದಿ ಹೌದೆಂದೇ ಹೇಳಿಯಾರು. ಆದರೆ ಭಾರತದ ಕಾನೂನು ಹಾಗೆ ಹೇಳುವುದಿಲ್ಲ. ಹಣ ಪಡೆದು ದೇಹಸಂಬಂಧ ಮಾಡುವುದನ್ನು ಅದು ಅಷ್ಟರಿಂದಲೇ ಅಪರಾಧವೆಂದು ಕರೆದಿಲ್ಲ. ಇನ್ನು ಅದೇ ಕೋಣೆಗೆ ಅದೇ ವೃತ್ತಿಯ ಗೆಳತಿಯೊಬ್ಬಳು ಬಂದು ಸೇರಿದಳೆನ್ನೋಣ. ಬಾಡಿಗೆಯಲ್ಲಿ ಅರ್ಧ ಅವಳದು, ಅಡಿಗೆಯ ಖರ್ಚಿನಲ್ಲಿ ಅರ್ಧ ಅವಳದು. ಆ ಕ್ಷಣವೇ ಆ ಕೋಣೆಯ ಹೆಸರು ಬದಲಾಗುತ್ತದೆ. ಅನೈತಿಕ ವ್ಯವಹಾರ ತಡೆ ಕಾಯಿದೆಯ ಎರಡನೆಯ ಕಲಮಿನ ಪ್ರಕಾರ, ಇಬ್ಬರು ಅಥವಾ ಹೆಚ್ಚು ಮಂದಿ ತಮ್ಮ ಪರಸ್ಪರ ಲಾಭಕ್ಕಾಗಿ ಈ ವೃತ್ತಿಗೆ ಬಳಸುವ ಮನೆ, ಕೋಣೆ, ವಾಹನ, ಯಾವುದೇ ಆಗಲಿ, ‘ವೇಶ್ಯಾಗೃಹ’ವೆನಿಸಿಕೊಳ್ಳುತ್ತದೆ. ಅದನ್ನು ನಡೆಸುವುದು ಸೆರೆವಾಸಕ್ಕೆ ಗುರಿಮಾಡುವ ಅಪರಾಧ.

ಗೆಳತಿ ಬಂದು ಸೇರಿದುದೇಕೆ? ಬಾಡಿಗೆಯ ಉಳಿತಾಯವೂ ಒಂದು ಕಾರಣವಿದ್ದೀತು. ಆದರೆ ಈ ವೃತ್ತಿಯ ಹೆಂಗಸರಿಂದ ಮತ್ತೆ ಮತ್ತೆ ಬರುವ ಉತ್ತರ ಬೇರೆ: ಗೋಡೆಯ ಆಚೆ ಮತ್ತೊಬ್ಬಳಿದ್ದರೆ ಕೂಗಿದಾಗ ಕೇಳುತ್ತದೆ.

ಈ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಇಷ್ಟನ್ನೇ. ಈ ವೃತ್ತಿ ಇರಬೇಕೆ, ಇರಬಾರದೆ ಎಂಬ ನೀತಿಯ ಪ್ರಶ್ನೆ ದೊಡ್ಡದು. ಅದನ್ನು ನೀತಿಜ್ಞರಿಗೂ ಶಾಸನಸಭೆಗೂ ಬಿಡೋಣ. ಮಕ್ಕಳನ್ನಾಗಲಿ ಮೋಸಹೋದವರನ್ನಾಗಲಿ ಮಾರಿ ಈ ದಂಧೆಗೆ ನೂಕುವ ಪಾತಕವನ್ನು ಕಠಿಣವಾಗಿ ಶಿಕ್ಷಿಸಬೇಕೆಂಬ ವಿಷಯದಲ್ಲಿ ಯಾರಿಗೂ ಎರಡು ಮಾತಿಲ್ಲ. ನಮ್ಮ ಪ್ರಶ್ನೆ ಅಳತೆಗೆ ಸಿಕ್ಕುವಂಥದು: ಯಾವ ಕಾನೂನಿನ ಕೆಳಗೆ ಈ ಹೆಂಗಸರಿಗೆ ಪೆಟ್ಟು ಕಡಮೆ, ರೋಗ ಕಡಮೆ, ಸಾವು ಕಡಮೆ?

ಅಪಾಯ ಹುಟ್ಟುವ ಬಗೆ

ಗಿರಾಕಿಗಳಾಗಿ ಬರುವವರಲ್ಲಿ ಬಹುಮಂದಿ ಹೊಡೆಯುವವರಲ್ಲ, ಕೊಲ್ಲುವವರೂ ಅಲ್ಲ. ಆದರೆ ಹಿಂಸಿಸಬೇಕೆಂದೇ ಬರುವವನೊಬ್ಬನಿದ್ದರೆ ಅವನು ಎಂಥವಳನ್ನು ಆರಿಸಿಕೊಂಡಾನು? ಒಂಟಿಯಾಗಿರುವವಳನ್ನು, ಅವಸರದಲ್ಲಿರುವವಳನ್ನು, ನಾಳೆ ದೂರು ಕೊಡಲಾರದವಳನ್ನು. ಈ ಮೂರು ಸ್ಥಿತಿಗಳಲ್ಲಿ ಯಾವುದನ್ನು ಯಾವ ಕಲಮು ಉಂಟುಮಾಡುತ್ತದೆಂಬುದನ್ನು ಕಂಡುಕೊಂಡರೆ ವಿಷಯದ ಅರ್ಧವನ್ನು ತಿಳಿದಂತೆಯೇ ಸರಿ.

ಬೀದಿಯಲ್ಲಿ ನಿಂತ ಹೆಂಗಸು ಕಾರಿನ ಕಿಟಕಿಯ ಬಳಿ ಬಗ್ಗಿ ನಾಲ್ಕು ಮಾತಾಡುತ್ತಾಳೆ. ಆ ನಾಲ್ಕು ಮಾತಿನ ಅವಕಾಶದಲ್ಲಿ ಅವಳು ನೋಡಿಕೊಳ್ಳುವುದು ಬಹಳ. ಆತ ಕುಡಿದಿದ್ದಾನೆಯೆ? ಹಿಂದಿನ ಸೀಟಿನಲ್ಲಿ ಇನ್ನೊಬ್ಬನು ಅಡಗಿದ್ದಾನೆಯೆ? ಎಲ್ಲಿಗೆ ಕರೆದೊಯ್ಯುತ್ತಾನೆ? ನಿರೋಧ್ ಬಳಸಲು ಒಪ್ಪುತ್ತಾನೆಯೆ? ಈ ಮುಖ ಹಿಂದೆ ಯಾರಿಗಾದರೂ ಕೇಡು ಮಾಡಿದ ಮುಖವೆ? ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆಯುವುದೇ ಅಪರಾಧವಾದಾಗ ಈ ಪರೀಕ್ಷೆಗೆ ಸಮಯವಿರುವುದಿಲ್ಲ. ಪೋಲೀಸಿನವರ ಕಣ್ಣಿಗೆ ಬೀಳುವ ಮೊದಲೇ ಕಾರನ್ನು ಹತ್ತಬೇಕು. ಮಾತುಕತೆ ಹತ್ತಿದ ಮೇಲೆ. ಬಾಗಿಲು ಮುಚ್ಚಿ ಗಾಡಿ ಹೊರಟ ಬಳಿಕ ತಿಳಿದುಕೊಂಡರೆ ಪ್ರಯೋಜನವೇನು?

ಸ್ಥಳದ ಮಾತೂ ಹೀಗೆಯೇ. ತನಗೆ ಪರಿಚಯವಾದ ಜಾಗದಲ್ಲಿ ದೀಪವೆಲ್ಲಿದೆ, ಓಡುವ ದಾರಿಯೆಲ್ಲಿದೆ, ಕೂಗಿದರೆ ಯಾರು ಬಂದಾರು ಎಂಬುದನ್ನು ಅವಳು ಬಲ್ಲಳು. ನಮ್ಮ ಕಾಯಿದೆಯ ಏಳನೆಯ ಕಲಮು ದೇವಸ್ಥಾನ, ಪಾಠಶಾಲೆ, ಆಸ್ಪತ್ರೆ ಮೊದಲಾದವುಗಳಿಂದ ೨೦೦ ಮೀಟರಿನೊಳಗೆ ಈ ವೃತ್ತಿಯನ್ನು ನಿಷೇಧಿಸುತ್ತದೆ. ನಮ್ಮ ಪೇಟೆಗಳಲ್ಲಿ ಗುಡಿಯಾಗಲಿ ಶಾಲೆಯಾಗಲಿ ಇಲ್ಲದ ೨೦೦ ಮೀಟರು ಎಲ್ಲಿ ದೊರಕೀತು? ದೀಪವಿಲ್ಲದ ಊರಹೊರಗಿನಲ್ಲಿ ದೊರಕೀತು.

ಇನ್ನು ನಾಲ್ಕನೆಯ ಕಲಮು. ಹದಿನೆಂಟು ವರ್ಷ ಮೀರಿದ ಯಾವ ವ್ಯಕ್ತಿಯೂ ಇಂಥವಳ ಸಂಪಾದನೆಯಿಂದ, ಪೂರ್ತಿಯಾಗಿ ಆಗಲಿ ಭಾಗಶಃ ಆಗಲಿ, ತಿಳಿದೂ ಜೀವಿಸಕೂಡದು. ಕಲಮಿನ ಉದ್ದೇಶ ತಲೆಹಿಡುಕರನ್ನು ಹಿಡಿಯುವುದು; ಉದ್ದೇಶ ಒಳ್ಳೆಯದೇ. ಆದರೆ ಅದರ ಅಕ್ಷರಗಳು ತಲೆಹಿಡುಕನನ್ನೂ ಕಾವಲುಗಾರನನ್ನೂ ಬೇರ್ಪಡಿಸುವುದಿಲ್ಲ. ಮುದಿ ತಾಯಿಯನ್ನಾಗಲಿ ಕಾಲೇಜಿಗೆ ಹೋಗುವ ಮಗನನ್ನಾಗಲಿ ಹೊರಗಿಡುವುದಿಲ್ಲ. ಹೆಂಗಸು ತನ್ನ ರಕ್ಷಣೆಗಾಗಿ ಸಂಬಳ ಕೊಟ್ಟು ಒಬ್ಬನನ್ನು ಬಾಗಿಲಲ್ಲಿ ಕೂಡಿಸಿಕೊಂಡರೆ ಅವನೂ ಅಪರಾಧಿಯೇ.

ಕೊನೆಯದು ಪೋಲೀಸು ಠಾಣೆಯ ಬಾಗಿಲು. ತನ್ನನ್ನು ಹಿಡಿಯಬಲ್ಲವನ ಮುಂದೆ ನಿಂತು ತನ್ನನ್ನು ಹೊಡೆದವನ ಮೇಲೆ ದೂರು ಹೇಳುವುದು ಸುಲಭವಲ್ಲ. ಎಷ್ಟೋ ನಗರಗಳಲ್ಲಿ ಚೀಲದಲ್ಲಿ ಸಿಕ್ಕಿದ ನಿರೋಧನ್ನೇ ಸಾಕ್ಷ್ಯವಾಗಿ ಹಿಡಿದದ್ದುಂಟು. ಅದರ ಪರಿಣಾಮವನ್ನು ಊಹಿಸಲು ವಿಜ್ಞಾನಿಯೇ ಬೇಕಿಲ್ಲ: ಚೀಲದಲ್ಲಿ ನಿರೋಧ್ ಇಟ್ಟುಕೊಳ್ಳುವುದು ನಿಂತುಹೋಗುತ್ತದೆ.

ಹಳೆಯ ಕಾಯಿದೆಗಳು

ಕಾನೂನು ಈ ಹೆಂಗಸರ ಮೇಲೆ ದೃಷ್ಟಿಯಿಟ್ಟುದು ಹೊಸತೇನಲ್ಲ; ಆದರೆ ಮೊದಲು ಅದು ಕಾಪಾಡಹೊರಟುದು ಅವರನ್ನಲ್ಲ, ಸಿಪಾಯಿಗಳನ್ನು. ಇಂಗ್ಲೆಂಡಿನಲ್ಲಿ ೧೮೬೪, ೧೮೬೬ ಮತ್ತು ೧೮೬೯ರಲ್ಲಿ ‘ಅಂಟುರೋಗಗಳ ಕಾಯಿದೆ’ಗಳು ಬಂದವು. ಭಾರತದಲ್ಲಿ ೧೮೬೪ರ ದಂಡುಪ್ರದೇಶಗಳ ಕಾಯಿದೆಯೂ ೧೮೬೮ರ ಅಂಟುರೋಗಗಳ ಕಾಯಿದೆಯೂ ಅದೇ ಕೆಲಸವನ್ನು ಮಾಡಿದವು. ಹೆಂಗಸರು ಹೆಸರು ನೋಂದಾಯಿಸಿಕೊಳ್ಳಬೇಕು. ನಿಗದಿಯಾದ ದಿನ ವೈದ್ಯನ ಮುಂದೆ ಮೈ ತೋರಬೇಕು. ರೋಗ ಕಂಡರೆ ‘ಲಾಕ್ ಆಸ್ಪತ್ರೆ’ಯಲ್ಲಿ ಬಂಧಿಯಾಗಿರಬೇಕು. ಬೆಂಗಳೂರಿನ ದಂಡಿನಲ್ಲಿಯೂ ಇಂತಹ ಆಸ್ಪತ್ರೆಯಿತ್ತು. ರೋಗ ಹರಡುವುದಕ್ಕೆ ಇಬ್ಬರು ಬೇಕೆಂಬುದು ಆಗಲೂ ವೈದ್ಯರಿಗೆ ಗೊತ್ತಿದ್ದ ವಿಷಯ. ಆದರೂ ಪರೀಕ್ಷೆ ಒಂದು ಪಕ್ಷಕ್ಕೆ ಮಾತ್ರ. ಹೆಂಗಸರು ಏನು ಮಾಡಿದರು? ನೋಂದಣಿಯನ್ನು ತಪ್ಪಿಸಿಕೊಂಡು ಮರೆಯಾದರು. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಎಂಬ ಮಹಿಳೆ ವರ್ಷಗಟ್ಟಲೆ ನಡೆಸಿದ ಚಳವಳಿಯಿಂದ ೧೮೮೬ರಲ್ಲಿ ಅಲ್ಲಿಯ ಕಾಯಿದೆಗಳು ರದ್ದಾದವು, ೧೮೮೮ರಲ್ಲಿ ಇಲ್ಲಿಯದು.

ಸ್ವಾತಂತ್ರ್ಯ ಬಂದ ಮೇಲೆ ದೃಷ್ಟಿ ಬದಲಾಯಿತು. ಹೆಂಗಸರ ಮಾರಾಟವನ್ನು ತಡೆಯುವ ೧೯೪೯ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ೧೯೫೦ರಲ್ಲಿ ಸಹಿಮಾಡಿತು. ಅದನ್ನು ಅನುಸರಿಸಿ ೧೯೫೬ರಲ್ಲಿ ಕಾಯಿದೆಯಾಯಿತು. ೧೯೫೮ರಲ್ಲಿ ಜಾರಿಗೆ ಬಂದಿತು. ೧೯೮೬ರಲ್ಲಿ ತಿದ್ದುಪಡಿಯಾಗಿ ಈಗಿನ ಹೆಸರನ್ನು ಪಡೆಯಿತು. ವಿಚಿತ್ರವೆಂದರೆ ಇಂಗ್ಲೆಂಡಿನ ಲೈಂಗಿಕ ಅಪರಾಧಗಳ ಕಾಯಿದೆಯೂ ೧೯೫೬ನೆಯ ಇಸವಿಯದೇ, ಮತ್ತು ಅಲ್ಲಿಯೂ ಒಬ್ಬಳಿದ್ದರೆ ಮನೆ, ಇಬ್ಬರಿದ್ದರೆ ವೇಶ್ಯಾಗೃಹ. ಕೆನಡಾ ದೇಶದ ಹಳೆಯ ಕಾನೂನೂ ಇದೇ ಬೀಜದಿಂದ ಬೆಳೆದುದು: ವೃತ್ತಿ ಅಪರಾಧವಲ್ಲ, ಅದಕ್ಕಾಗಿ ಮನೆಯಿಡುವುದು, ಆ ಸಂಪಾದನೆಯಿಂದ ಜೀವಿಸುವುದು, ಬೀದಿಯಲ್ಲಿ ಅದರ ಮಾತಾಡುವುದು ಅಪರಾಧ. ಈ ಕಾನೂನಿನ ಪರೀಕ್ಷೆ ಅಲ್ಲಿ ನಡೆದ ರೀತಿ ಭಯಂಕರವಾದುದು.

ವ್ಯಾಂಕೂವರ್ ನಗರದ ಪೂರ್ವಭಾಗದ ಬಡ ಕೇರಿಯಿಂದ ಹೆಂಗಸರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದರು. ೧೯೯೦ರ ದಶಕದ ಕೊನೆಯ ಹೊತ್ತಿಗೆ ಇದು ಒಬ್ಬನೇ ಕೊಲೆಗಾರನ ಕೆಲಸವಿರಬಹುದೆಂಬ ಅನುಮಾನ ಹಬ್ಬಿತ್ತು. ಕೊನೆಗೆ ೨೦೦೨ರಲ್ಲಿ ರಾಬರ್ಟ್ ಪಿಕ್ಟನ್ ಎಂಬ ಹಂದಿಸಾಕಣೆಯವನು ಸೆರೆಸಿಕ್ಕಿದನು. ೨೦೦೭ರಲ್ಲಿ ಆರು ಕೊಲೆಗಳಿಗಾಗಿ ಅವನಿಗೆ ಶಿಕ್ಷೆಯಾಯಿತು. ಆ ಭೀತಿಯ ದಿನಗಳಲ್ಲಿ ಆ ಕೇರಿಯಲ್ಲಿ ‘ಅಜ್ಜಿಯ ಮನೆ’ ಎಂಬ ಅರ್ಥದ ಹೆಸರಿನ ಒಂದು ಆಶ್ರಯವಿತ್ತು. ಬೀದಿಯ ಹೆಂಗಸರು ಗಿರಾಕಿಯ ಕಾರಿನಲ್ಲಿ ಕಾಣದೂರಿಗೆ ಹೋಗುವ ಬದಲು ಅಲ್ಲಿಗೆ ಬರಬಹುದಾಗಿತ್ತು. ಕಾನೂನಿನ ಕಣ್ಣಿನಲ್ಲಿ ಅದು ವೇಶ್ಯಾಗೃಹ; ನಡೆಸುತ್ತಿದ್ದವರ ಮೇಲೆ ಮೊಕದ್ದಮೆ ಹೂಡಲಾಯಿತು, ಮನೆ ಮುಚ್ಚಿತು. ಕೊಲೆಗಾರ ಹೊರಗೆ, ಹೆಂಗಸರೂ ಹೊರಗೆ.

೨೦೧೩ರ ಡಿಸೆಂಬರಿನಲ್ಲಿ ಬೆಡ್‌ಫೋರ್ಡ್ ಮೊಕದ್ದಮೆಯಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಈ ಮೂರು ಕಲಮುಗಳನ್ನೂ ಏಕಮತದಿಂದ ತೊಡೆದುಹಾಕಿತು. ನ್ಯಾಯಾಧೀಶರ ತರ್ಕವನ್ನು ಹೀಗೆ ಸಂಗ್ರಹಿಸಬಹುದು: ವೃತ್ತಿ ಕಾನೂನಿಗೆ ವಿರುದ್ಧವಲ್ಲ, ಆದರೆ ಅಪಾಯದಿಂದ ಪಾರಾಗಲು ಆ ವೃತ್ತಿಯವರು ಮಾಡಿಕೊಳ್ಳುವ ಏರ್ಪಾಡುಗಳನ್ನು ಕಾನೂನು ತಡೆಯುತ್ತದೆ, ನೆರೆಹೊರೆಗೆ ಆಗುವ ಕಿರಿಕಿರಿಯನ್ನು ತಪ್ಪಿಸಲು ಒಬ್ಬಳ ಪ್ರಾಣವನ್ನು ಬೆಲೆಯಾಗಿ ಕೇಳುವುದು ತಕ್ಕಡಿಗೆ ಸರಿತೂಗುವುದಿಲ್ಲ. ಮರುವರ್ಷ ಅಲ್ಲಿಯ ಶಾಸನಸಭೆ ಬೇರೊಂದು ಕಾನೂನನ್ನು ತಂದಿತು. ಅದರ ಜಾತಿಯನ್ನು ಮುಂದೆ ನೋಡೋಣ.

ಅಳೆಯುವುದು ಹೇಗೆ?

ಇಷ್ಟರ ವರೆಗೆ ನಾವು ಹೇಳಿದ್ದು ತರ್ಕ. ಒಂದು ಊರಿನ ಕಥೆ. ವಿಜ್ಞಾನಕ್ಕೆ ಇಷ್ಟು ಸಾಲದು. ಔಷಧವೊಂದರ ಗುಣವನ್ನು ತಿಳಿಯಬೇಕಾದರೆ ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಕೊಟ್ಟು ಒಂದಕ್ಕೆ ಕೊಡದೆ ನೋಡುತ್ತೇವೆ. ಕಾನೂನನ್ನು ಹೀಗೆ ಹಂಚಲು ಬರುವುದಿಲ್ಲ. ಎರಡು ದೇಶಗಳನ್ನು ಹೋಲಿಸೋಣವೆಂದರೆ ಅವುಗಳಲ್ಲಿ ಕಾನೂನಲ್ಲದೆ ಬೇರೆ ನೂರು ವ್ಯತ್ಯಾಸಗಳಿರುತ್ತವೆ. ಕೆಲವೊಮ್ಮೆ ಮಾತ್ರ ಇತಿಹಾಸವೇ ಪ್ರಯೋಗವನ್ನು ನಡೆಸಿಕೊಡುತ್ತದೆ, ಅದೂ ಆಕಸ್ಮಿಕವಾಗಿ.

ಅಮೆರಿಕೆಯ ಅತಿ ಚಿಕ್ಕ ರಾಜ್ಯವಾದ ರೋಡ್ ಐಲೆಂಡಿನಲ್ಲಿ ನಡೆದುದು ಇದೇ. ೧೯೮೦ರಲ್ಲಿ ಅಲ್ಲಿಯ ಶಾಸನಸಭೆ ಬೀದಿವ್ಯವಹಾರದ ಮೇಲಿನ ಕಲಮನ್ನು ತಿದ್ದುವಾಗ ಮೂಲ ವೃತ್ತಿಯ ಮೇಲಿದ್ದ ನಿಷೇಧವೇ ಬಿಟ್ಟುಹೋಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಇದನ್ನು ಗಮನಿಸಿದವರು ವಿರಳ. ೨೦೦೩ರಲ್ಲಿ ಮಾಲೀಸು ಅಂಗಡಿಗಳಿಂದ ಕೆಲವು ಹೆಂಗಸರನ್ನು ಹಿಡಿದು ತಂದಾಗ ಅವರ ವಕೀಲರು ಪುಸ್ತಕ ತೆರೆದು ತೋರಿಸಿದರು: ನಾಲ್ಕು ಗೋಡೆಗಳ ಒಳಗೆ ನಡೆದರೆ ಇದು ಈ ರಾಜ್ಯದಲ್ಲಿ ಅಪರಾಧವೇ ಅಲ್ಲ! ನ್ಯಾಯಾಧೀಶರು ಒಪ್ಪಿ ಮೊಕದ್ದಮೆಯನ್ನು ತಳ್ಳಿಹಾಕಿದರು. ೨೦೦೯ರ ನವೆಂಬರಿನಲ್ಲಿ ಶಾಸನಸಭೆ ಆ ಕಂಡಿಯನ್ನು ಮುಚ್ಚಿತು. ನಡುವಿನ ಆರು ವರ್ಷ ಒಂದು ರಾಜ್ಯದಲ್ಲಿ ಒಂದೇ ಒಂದು ವಿಷಯ ಬದಲಾಗಿತ್ತು, ಅದೂ ಯಾರ ಯೋಜನೆಯೂ ಇಲ್ಲದೆ.

ಸ್ಕಾಟ್ ಕನ್ನಿಂಗ್‌ಹ್ಯಾಮ್ ಮತ್ತು ಮನೀಷಾ ಷಾ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಹಿಡಿದುಕೊಂಡರು. ಅವರ ವಿಧಾನ ಸ್ವಾರಸ್ಯವಾದುದು. ರೋಡ್ ಐಲೆಂಡಿನಂತಹ ರಾಜ್ಯ ಇನ್ನೊಂದಿಲ್ಲ. ಆದರೆ ಬೇರೆ ಬೇರೆ ರಾಜ್ಯಗಳನ್ನು ತಕ್ಕ ಪ್ರಮಾಣದಲ್ಲಿ ಬೆರಸಿದರೆ ೨೦೦೩ರ ಹಿಂದಿನ ರೋಡ್ ಐಲೆಂಡನ್ನು ಹೋಲುವ ಒಂದು ‘ಕೃತಕ ರಾಜ್ಯ’ವನ್ನು ಲೆಕ್ಕದಲ್ಲಿ ಕಟ್ಟಬಹುದು. ೨೦೦೩ರ ಬಳಿಕ ನಿಜವಾದ ರಾಜ್ಯವೂ ಕೃತಕ ರಾಜ್ಯವೂ ಎಷ್ಟು ಬೇರೆಯಾದವೆಂಬುದೇ ಕಾನೂನಿನ ಪರಿಣಾಮ. ೨೦೧೮ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಪೋಲೀಸರಿಗೆ ವರದಿಯಾದ ಬಲಾತ್ಕಾರದ ಅಪರಾಧಗಳು ಶೇಕಡಾ ೩೦ರಷ್ಟು ಇಳಿದಿದ್ದವು. ಹೆಂಗಸರಲ್ಲಿ ಗೊನೋರಿಯಾ ರೋಗ ಶೇಕಡಾ ೪೦ಕ್ಕಿಂತ ಹೆಚ್ಚು ಇಳಿದಿತ್ತು. ಇವು ವೃತ್ತಿಯವರ ಲೆಕ್ಕವಲ್ಲ, ಇಡೀ ರಾಜ್ಯದ ಲೆಕ್ಕ ಎಂಬುದನ್ನು ಗಮನಿಸಬೇಕು. ಜೊತೆಗೇ ಮತ್ತೊಂದನ್ನೂ ಅವರು ಮರೆಮಾಚಲಿಲ್ಲ: ಆ ವರ್ಷಗಳಲ್ಲಿ ಒಳಾಂಗಣದ ವ್ಯವಹಾರ ಹೆಚ್ಚಿತು. ವೃತ್ತಿಯೇ ಕಡಮೆಯಾಗಬೇಕೆನ್ನುವವರಿಗೆ ಇದು ರುಚಿಸುವ ಮಾತಲ್ಲ. ಆದರೆ ವ್ಯವಹಾರ ಹೆಚ್ಚಿಯೂ ಹಿಂಸೆ ಇಳಿದುದು ಯೋಚನೆಗೆ ಹಚ್ಚುವ ಸಂಗತಿ.

ಇದಕ್ಕೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಪ್ರಯೋಗ ಇಂಡೊನೇಷ್ಯದಲ್ಲಿ ನಡೆಯಿತು. ಪೂರ್ವ ಜಾವದ ಮಲಾಂಗ್ ಜಿಲ್ಲೆಯ ಆಡಳಿತವು ೨೦೧೪ರಲ್ಲಿ ಅಲ್ಲಿಯ ವೇಶ್ಯಾಕೇರಿಗಳನ್ನು ಮುಚ್ಚಿಬಿಡುವುದಾಗಿ ಹಠಾತ್ತಾಗಿ ಸಾರಿತು. ನೆರೆಯ ಜಿಲ್ಲೆಗಳು ಹಾಗೆ ಮಾಡಲಿಲ್ಲ. ಸಂಶೋಧಕರ ಒಂದು ತಂಡ ಬೇರೆ ಉದ್ದೇಶಕ್ಕಾಗಿ ಎರಡೂ ಕಡೆಯ ಹೆಂಗಸರನ್ನು ಅದಕ್ಕೆ ಮುಂಚೆಯೇ ಸಂದರ್ಶಿಸಿ ಪರೀಕ್ಷಿಸಿತ್ತು. ಮುಚ್ಚಿದ ಮೇಲೆ ಮತ್ತೆ ಪರೀಕ್ಷಿಸಿದಾಗ ಕಂಡುದೇನು? ಕೇರಿ ಮುಚ್ಚಿದ ಕಡೆ ಗುಹ್ಯರೋಗಗಳು ಶೇಕಡಾ ೫೮ರಷ್ಟು ಏರಿದ್ದವು. ಇದು ಬಾಯಿಮಾತಿನ ಲೆಕ್ಕವಲ್ಲ, ಪ್ರಯೋಗಶಾಲೆಯ ಪರೀಕ್ಷೆಯ ಲೆಕ್ಕ. ಕಾರಣವೂ ತಿಳಿಯಿತು. ಕೇರಿಯಿದ್ದಾಗ ಆರೋಗ್ಯ ಕಾರ್ಯಕರ್ತರು ತಪ್ಪದೆ ಬರುತ್ತಿದ್ದರು. ನಿರೋಧ್ ಅಗ್ಗವಾಗಿ ಸಿಕ್ಕುತ್ತಿತ್ತು. ಕೇರಿ ಚದುರಿದ ಮೇಲೆ ಕಾರ್ಯಕರ್ತರು ಯಾರನ್ನು ಎಲ್ಲಿ ಹುಡುಕಿಯಾರು? ನಿರೋಧ್ ದುಬಾರಿಯಾಯಿತು, ಬಳಕೆ ಇಳಿಯಿತು. ವೃತ್ತಿಯನ್ನು ಬಿಟ್ಟು ಹೋದ ತಾಯಂದಿರ ಮಕ್ಕಳಲ್ಲಿ ಕೆಲವರು ಶಾಲೆಯ ಖರ್ಚಿಗೆ ಹಣವಿಲ್ಲದೆ ದುಡಿಮೆಗಿಳಿದರು.

ಇಂಥದನ್ನು ನೋಡಲು ಜಾವದ ವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಗೋವೆಯ ವಾಸ್ಕೋದ ಬಳಿ ಕಡಲತಡಿಯ ಬೈನಾ ಎಂಬಲ್ಲಿ ಹಳೆಯ ಕೇರಿಯೊಂದಿತ್ತು. ಕರ್ನಾಟಕದಿಂದಲೂ ಆಂಧ್ರದಿಂದಲೂ ಹೋದ ಹೆಂಗಸರು ಅಲ್ಲಿ ಬಹುಮಂದಿಯಿದ್ದರು. ೨೦೦೪ರ ಮಳೆಗಾಲದ ಆರಂಭದಲ್ಲಿ ಅದನ್ನು ಕೆಡವಿಹಾಕಿದರು. ವೃತ್ತಿ ನಿಲ್ಲಲಿಲ್ಲ, ಲಾಡ್ಜುಗಳಿಗೆ, ಬೀದಿಗಳಿಗೆ, ಕಣ್ಮರೆಯ ಮನೆಗಳಿಗೆ ಹರಿದುಹೋಯಿತು.

೨೦೧೮ರಲ್ಲಿ ಲಂಡನ್ನಿನ ಸಂಶೋಧಕರು ೩೩ ದೇಶಗಳಲ್ಲಿ ೧೯೯೦ರಿಂದ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಪೋಲೀಸರ ದಮನಕ್ಕೆ, ಎಂದರೆ ಸೆರೆ, ಮಾಮೂಲಿ ವಸೂಲಿ, ವಸ್ತುಗಳ ಕಸಿಯುವಿಕೆ ಮೊದಲಾದುವಕ್ಕೆ ಸಿಕ್ಕಿದವರಲ್ಲಿ ಹಿಂಸೆಗೊಳಗಾಗುವ ಸಂಭವ ಸಿಕ್ಕದವರಿಗಿಂತ ಸುಮಾರು ಮೂರು ಪಟ್ಟು ಎಂದು ಕಂಡಿತು. ಇಂತಹ ಸಂಬಂಧದಿಂದಲೇ ಕಾರಣವನ್ನು ನಿಶ್ಚಯಿಸಲಾಗದು. ಅಪಾಯದ ಜಾಗದಲ್ಲಿರುವವಳು ಪೋಲೀಸರಿಗೂ ದುಷ್ಟರಿಗೂ ಒಟ್ಟಿಗೆ ಸಿಕ್ಕಬಹುದು. ಆದರೆ ರೋಡ್ ಐಲೆಂಡು, ಮಲಾಂಗ್‌ಗಳ ಜೊತೆಯಲ್ಲಿಟ್ಟು ನೋಡಿದರೆ ಬಾಣಗಳೆಲ್ಲ ಒಂದೇ ದಿಕ್ಕನ್ನು ತೋರಿಸುತ್ತವೆ.

ಕೊಳ್ಳುವವನನ್ನು ಶಿಕ್ಷಿಸಿದರೆ?

ಹೆಂಗಸನ್ನು ಬಿಟ್ಟು ಗಿರಾಕಿಯನ್ನು ಹಿಡಿಯಿರಿ ಎಂಬುದು ಸ್ವೀಡನ್ನಿನ ಮಾರ್ಗ. ೧೯೯೯ರ ಜನವರಿ ೧ರಿಂದ ಅಲ್ಲಿ ಜಾರಿಯಲ್ಲಿದೆ. ನಾರ್ವೆ, ಐಸ್‌ಲೆಂಡುಗಳು ೨೦೦೯ರಲ್ಲಿ, ಕೆನಡಾ ನಾವು ಹೇಳಿದ ೨೦೧೪ರ ಕಾನೂನಿನಿಂದ, ಫ್ರಾನ್ಸು ೨೦೧೬ರಲ್ಲಿ, ಐರ್ಲೆಂಡು ೨೦೧೭ರಲ್ಲಿ ಇದನ್ನು ಅನುಸರಿಸಿದವು. ಇದರ ಪಕ್ಷಪಾತಿಗಳ ವಾದವನ್ನು ಹಗುರಾಗಿ ಎಣಿಸಲಾಗದು. ಈ ವೃತ್ತಿಯೇ ಹೆಣ್ಣಿನ ಮೇಲಿನ ಹಿಂಸೆ; ಬಡತನವನ್ನು ಹಣದಿಂದ ಕೊಂಡುಕೊಳ್ಳುವವನೇ ತಪ್ಪಿತಸ್ಥ; ಬೇಡಿಕೆ ಬತ್ತಿದರೆ ಸರಬರಾಯಿಯೂ ಬತ್ತುತ್ತದೆ ಎಂದು ಅವರು ಹೇಳುತ್ತಾರೆ. ಅಪರಾಧದ ಹೊರೆ ಹೆಂಗಸಿನ ತಲೆಯಿಂದ ಇಳಿಯಿತೆಂಬುದೂ ನಿಜ.

ಆದರೆ ಯಂತ್ರದ ಒಳಗೆ ಇಣಿಕಿ ನೋಡಿದರೆ ಹಳೆಯ ಹಲ್ಲುಚಕ್ರವೇ ತಿರುಗುತ್ತಿರುವುದು ಕಾಣುತ್ತದೆ. ಈಗ ಅವಸರಪಡುವವನು ಗಿರಾಕಿ. ಆದರೆ ಅವನ ಅವಸರ ಅವಳ ಅವಸರವೂ ಆಗುತ್ತದೆ. ಅವನು ಹೆಸರನ್ನಾಗಲಿ ಫೋನ್ ನಂಬರನ್ನಾಗಲಿ ಕೊಡಲೊಲ್ಲ. ದೀಪವಿರುವ ಬೀದಿಗೆ ಬರಲೊಲ್ಲ. ಭಯಪಟ್ಟು ದೂರವಾಗುವವರು ಮರ್ಯಾದೆಗೆ ಅಂಜುವ ಸಾಧು ಗಿರಾಕಿಗಳು. ಅಂಜದವನು ಬರುತ್ತಲೇ ಇರುತ್ತಾನೆ. ಗಿರಾಕಿಗಳು ಕಡಮೆಯಾದಷ್ಟೂ, ಬೇಡವೆನ್ನಬೇಕಾದವನಿಗೆ ಬೇಡವೆನ್ನುವ ಶಕ್ತಿ ಅವಳಿಗೆ ಕುಂದುತ್ತದೆ.

ಫ್ರಾನ್ಸಿನಲ್ಲಿ ‘ಮೆದ್‌ಸ್ಯಾಂ ದ್ಯು ಮೋಂದ್’ ಎಂಬ ವೈದ್ಯರ ಸಂಸ್ಥೆ ಸಂಶೋಧಕರ ಜೊತೆಗೂಡಿ ಹೊಸ ಕಾನೂನು ಬಂದ ಎರಡು ವರ್ಷಕ್ಕೆ ಈ ವೃತ್ತಿಯ ೫೮೩ ಮಂದಿಯನ್ನು ವಿಚಾರಿಸಿತು. ವರಮಾನ ಇಳಿಯಿತೆಂದವರು ನೂರಕ್ಕೆ ೭೮; ಹಿಂಸೆಗೆ ಮೊದಲಿಗಿಂತ ಹೆಚ್ಚಾಗಿ ಒಡ್ಡಿಕೊಂಡಿದ್ದೇವೆಂದವರು ೪೨; ನಿರೋಧಿಗಾಗಿ ಪಟ್ಟುಹಿಡಿಯುವುದು ಕಷ್ಟವಾಗಿದೆಯೆಂದವರು ೩೮. ಉತ್ತರ ಕೊಟ್ಟವರು ಸಂಘಸಂಸ್ಥೆಗಳ ಸಂಪರ್ಕದಲ್ಲಿದ್ದವರಾದುದರಿಂದ ಇದನ್ನು ಎಲ್ಲರ ಮಾತೆಂದು ಹೇಳಲಾಗದು. ಆದರೂ ಅಲಕ್ಷ್ಯ ಮಾಡುವಂಥದಲ್ಲ. ೨೬೧ ಮಂದಿ ಐರೋಪ್ಯ ಮಾನವಹಕ್ಕುಗಳ ನ್ಯಾಯಾಲಯದ ಮೊರೆಹೊಕ್ಕರು. ೨೦೨೪ರ ಜುಲೈಯಲ್ಲಿ ನ್ಯಾಯಾಲಯವು ಅವರ ವಿರುದ್ಧ ತೀರ್ಪಿತ್ತಿತು: ಇಂತಹ ಸೂಕ್ಷ್ಮ ವಿಷಯದಲ್ಲಿ ದಾರಿಯನ್ನು ಆರಿಸುವ ಸ್ವಾತಂತ್ರ್ಯ ಆಯಾ ದೇಶಕ್ಕುಂಟು.

ನ್ಯೂಜಿಲೆಂಡಿನವರು ಹಿಡಿದ ದಾರಿ ಇದಕ್ಕೆ ತೀರ ಬೇರೆ. ೨೦೦೩ರ ಜೂನಿನಲ್ಲಿ ಅಲ್ಲಿಯ ಶಾಸನಸಭೆ ೬೦ಕ್ಕೆ ೫೯ ಮತಗಳಿಂದ, ಒಬ್ಬ ಸದಸ್ಯ ತಟಸ್ಥನಾಗಿ ಉಳಿದುದರಿಂದಾಗಿ, ಈ ವೃತ್ತಿಯ ಮೇಲಿನ ಅಪರಾಧದ ಕಲಮುಗಳನ್ನು ತೆಗೆದುಹಾಕಿತು. ನಾಲ್ಕು ಮಂದಿಯ ವರೆಗೆ ಹೆಂಗಸರು ತಮ್ಮತಮ್ಮ ದುಡಿಮೆಯ ಯಜಮಾನಿಕೆಯನ್ನು ತಾವೇ ಇಟ್ಟುಕೊಂಡು ಒಂದು ಮನೆಯಲ್ಲಿ ವೃತ್ತಿ ನಡೆಸಿದರೆ ಪ್ರಮಾಣಪತ್ರವೂ ಬೇಕಿಲ್ಲ. ನಿರೋಧ್ ಬಳಸುವುದು ಇಬ್ಬರಿಗೂ ಕಡ್ಡಾಯ. ಹಣ ಪಡೆದ ಮೇಲೂ ಒಲ್ಲೆನೆನ್ನುವ ಹಕ್ಕು ಅವಳಿಗುಂಟು. ಕಾಯಿದೆಯಲ್ಲಿಯೇ ಅದರ ಪರಾಮರ್ಶೆಗೊಂದು ಸಮಿತಿಯನ್ನು ನೇಮಿಸಿದ್ದುದು ಮೆಚ್ಚತಕ್ಕ ಸಂಗತಿ. ಕಾನೂನು ಮಾಡಿ ಕೈತೊಳೆದುಕೊಳ್ಳುವವರೇ ಲೋಕದಲ್ಲಿ ಹೆಚ್ಚು. ಆ ಸಮಿತಿಗಾಗಿ ೭೭೨ ಮಂದಿಯನ್ನು ವಿಚಾರಿಸಿದಾಗ, ಬೇಡದ ಗಿರಾಕಿಯನ್ನು ನಿರಾಕರಿಸುವುದು ಈಗ ಸುಲಭವಾಗಿದೆಯೆಂದು ಮೂರರಲ್ಲಿ ಸುಮಾರು ಎರಡು ಪಾಲು ಮಂದಿ ಹೇಳಿದರು. ವೃತ್ತಿಯವರ ಸಂಖ್ಯೆ ಬೆಳೆಯಲಿಲ್ಲವೆಂದು ೨೦೦೮ರಲ್ಲಿ ಸಮಿತಿ ತೀರ್ಮಾನಿಸಿತು. ಎಲ್ಲವೂ ಸರಿಹೋಯಿತೆಂದು ಮಾತ್ರ ಅದು ಹೇಳಲಿಲ್ಲ. ಹಿಂಸೆಯನ್ನು ತಡೆಯುವ ಶಕ್ತಿ ಕಾನೂನಿಗೆ ಅಷ್ಟಾಗಿ ಇಲ್ಲವೆಂದೇ ಸಂದರ್ಶನದಲ್ಲಿ ಹೆಚ್ಚು ಮಂದಿ ಅಭಿಪ್ರಾಯಪಟ್ಟರು. ಬೀದಿಯಲ್ಲಿ ನಿಲ್ಲುವವರ ಪಾಡು ಒಳಗಿರುವವರಿಗಿಂತ ಕೆಟ್ಟದಾಗಿಯೇ ಉಳಿದಿತ್ತು. ತಾತ್ಕಾಲಿಕ ವೀಸಾದ ಮೇಲೆ ಬಂದ ವಿದೇಶೀಯರಿಗೆ ಅಲ್ಲಿ ಈ ವೃತ್ತಿ ಈಗಲೂ ನಿಷಿದ್ಧ. ಅವರಿಗೆ ಠಾಣೆಯ ಬಾಗಿಲು ಇನ್ನೂ ಮುಚ್ಚಿದೆಯೆಂದೇ ಹೇಳಬೇಕು.

ನಮ್ಮ ನಾಡಿನ ಒಂದು ಅಳತೆ

ಕಾನೂನಿನ ಅಕ್ಷರ ಹಾಗೆಯೇ ಇದ್ದು ಅದನ್ನು ನಡೆಸುವ ರೀತಿ ಬದಲಾದರೆ ಏನಾದೀತು? ಇದಕ್ಕೆ ಉತ್ತರ ಕರ್ನಾಟಕದಲ್ಲಿಯೇ ಉಂಟು. ಏಡ್ಸ್ ತಡೆಯ ಕಾರ್ಯಕ್ರಮದ ಅಂಗವಾಗಿ ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಹೊಡೆತ ತಿಂದ ಹೆಂಗಸಿನ ಕರೆಗೆ ಹಗಲಿರುಳೂ ಓಡಿಬರುವ ತಂಡಗಳನ್ನು ಕಟ್ಟಿದರು, ವಕೀಲರನ್ನು ಒದಗಿಸಿದರು, ಪೋಲೀಸರಿಗೆ ತಿಳಿವಳಿಕೆಯ ಶಿಬಿರಗಳನ್ನು ನಡೆಸಿದರು, ಹೆಂಗಸರಿಗೆ ಅವರ ಹಕ್ಕುಗಳನ್ನು ಹೇಳಿಕೊಟ್ಟರು. ೨೦೦೫ರಿಂದ ೨೦೦೯ರ ವರೆಗೆ ಹಿಂಸೆಯ ಪ್ರಮಾಣವನ್ನೂ 2 ಬಗೆಯಲ್ಲಿ ಅಳೆದರು.

ಈ ಅಳತೆಯ ಬಗೆಯನ್ನು ಸ್ವಲ್ಪ ವಿವರಿಸಬೇಕು. ಒಂದು, ಎದುರುಬದುರು ಕುಳಿತು ಪ್ರಶ್ನೆ ಕೇಳುವುದು. ಇನ್ನೊಂದು, ನಮ್ಮ ಚುನಾವಣೆಯ ಮತಗಟ್ಟೆಯನ್ನು ಅನುಸರಿಸಿದ ಜಾಣ ಉಪಾಯ. ಕೆಲವು ಹೆಂಗಸರು ಒಂದು ಕಡೆ ಸೇರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮರೆ. ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತಾರೆ. ಪ್ರತಿಯೊಬ್ಬಳೂ ತನ್ನ ಚೀಟಿಯನ್ನು ಹೌದು ಎಂಬ ಪೆಟ್ಟಿಗೆಗೋ ಅಲ್ಲ ಎಂಬ ಪೆಟ್ಟಿಗೆಗೋ ಹಾಕುತ್ತಾಳೆ. ಕೊನೆಯಲ್ಲಿ ಗುಂಪಿನ ಲೆಕ್ಕ ಸಿಕ್ಕುತ್ತದೆ, ಯಾರ ಉತ್ತರ ಯಾವುದೆಂಬುದು ಸಿಕ್ಕುವುದಿಲ್ಲ. ಕಳೆದ ಒಂದು ವರ್ಷದಲ್ಲಿ ನಿಮ್ಮನ್ನು ಹೊಡೆದದ್ದು ಅಥವಾ ಬಲಾತ್ಕರಿಸಿದ್ದು ಉಂಟೆ ಎಂಬ ಪ್ರಶ್ನೆಗೆ ಎದುರು ಕುಳಿತಾಗ ಹೌದೆಂದವರು ನೂರಕ್ಕೆ ೧೧. ಪೆಟ್ಟಿಗೆಯಲ್ಲಿ ಹೌದೆಂದವರು ೨೬. ಹಿಂಸೆಯ ಅಂಕಿಗಳನ್ನು ಓದುವಾಗಲೆಲ್ಲ ಈ ಅಂತರವನ್ನು ನಾವು ನೆನಪಿಡುವುದು ಒಳ್ಳೆಯದು.

ಹಿಂಸೆಗೊಳಗಾದವರಲ್ಲಿ ನಿರೋಧಿನ ಬಳಕೆ ಕಡಮೆಯಿತ್ತು. ಗೊನೋರಿಯಾ ನೂರಕ್ಕೆ ೫ ಮಂದಿಗಿತ್ತು, ಉಳಿದವರಲ್ಲಿ ೨.೬ ಮಾತ್ರ. ಎಂದರೆ ಪೆಟ್ಟೂ ರೋಗವೂ ಜೊತೆಜೊತೆಯಾಗಿಯೇ ಸಾಗುತ್ತವೆ. ಕಾರ್ಯಕ್ರಮ ನಡೆದು ಕೆಲವು ವರ್ಷಗಳಾದ ಮೇಲೆ ಮತ್ತೆ ಅಳೆದಾಗ ಎದುರುಬದುರಿನ ಲೆಕ್ಕ ೧೩ರಿಂದ ೯ಕ್ಕೂ, ಪೆಟ್ಟಿಗೆಯ ಲೆಕ್ಕ ೨೭ರಿಂದ ೧೯ಕ್ಕೂ ಇಳಿದಿತ್ತು. ಇಲ್ಲಿ ಹೋಲಿಕೆಗೆ ‘ಕೃತಕ ರಾಜ್ಯ’ವಿರಲಿಲ್ಲ, ಇಳಿತವೆಲ್ಲ ಕಾರ್ಯಕ್ರಮದಿಂದಲೇ ಎಂದು ಹೇಳಲು ಬರುವುದಿಲ್ಲ. ಐವರಲ್ಲಿ ಒಬ್ಬಳು ಇನ್ನೂ ಪೆಟ್ಟು ತಿನ್ನುತ್ತಿದ್ದಳೆಂಬುದನ್ನೂ ಮರೆಯಕೂಡದು.

೨೦೨೨ರ ಮೇ ೧೯ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಇದೇ ದಿಕ್ಕಿನಲ್ಲಿ ಕೆಲವು ನಿರ್ದೇಶನಗಳನ್ನು ಕೊಟ್ಟಿತು. ಅತ್ಯಾಚಾರಕ್ಕೊಳಗಾದ ಲೈಂಗಿಕ ವೃತ್ತಿಯ ಹೆಂಗಸಿಗೆ ಇತರರಿಗೆ ದೊರೆಯುವ ವೈದ್ಯಕೀಯ ನೆರವೆಲ್ಲವೂ ದೊರೆಯಬೇಕು. ಪೋಲೀಸರು ಅವರನ್ನು ಮರ್ಯಾದೆಯಿಂದ ನಡೆಸಿಕೊಳ್ಳಬೇಕು. ನಿರೋಧನ್ನು ಅಪರಾಧದ ಸಾಕ್ಷ್ಯವೆಂದು ಹಿಡಿಯಕೂಡದು. ಈ ನಿರ್ದೇಶನಗಳು ಹೊರಟ ಮೊಕದ್ದಮೆಯೇ ೧೯೯೯ರಲ್ಲಿ ಕಲ್ಕತ್ತೆಯಲ್ಲಿ ನಡೆದ ಇಂತಹ ಹೆಂಗಸೊಬ್ಬಳ ಕೊಲೆಯದು. ಕಾಯಿದೆಯ ಎರಡನೆಯ ಕಲಮನ್ನು ಮಾತ್ರ ಆ ಆದೇಶ ಮುಟ್ಟಲಿಲ್ಲ. ನಾವು ಮೊದಲು ಕಲ್ಪಿಸಿಕೊಂಡ ಕೋಣೆಯಲ್ಲಿ ಒಬ್ಬಳೇ ಇದ್ದರೆ ಅದು ಈಗಲೂ ಬಾಡಿಗೆಯ ಕೋಣೆ. ಗೆಳತಿಯೂ ಇದ್ದರೆ ವೇಶ್ಯಾಗೃಹ.